ಸೇತುವೆಯೂ ಅದರ ಕಾಗದಪತ್ರಗಳೂ

ಚಳ್ಳಕೆರೆಯ ವೇದಾವತಿಯೂ ಮೊಳಕಾಲ್ಮೂರಿನ ಚಿನ್ನಹಗರಿಯೂ ವರ್ಷದ ಬಹುಕಾಲ ಬರಿಯ ಮರಳು. ಹೊಳೆ ಬಂದಾಗಲೇ ನಮಗೆ ಸೇತುವೆಯ ನೆನಪು. ಅದು ಮುಚ್ಚಿದರೆ ಸುತ್ತುದಾರಿ ಹಿಡಿದ ರೈತನು ಕೇಳುವುದೊಂದೇ: ಎಂದು ತೆರೆದೀತು? ‘ಶೀಘ್ರದಲ್ಲಿ’ ಎಂಬುದು ಉತ್ತರವಲ್ಲ.

1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಕೂಡಿತು. ಪ್ರಜೆಗಳ ಅಹವಾಲು ಸರ್ಕಾರದ ಮುಂದೆ ಬರಲು ದಾರಿಯಾಯಿತು. ಇಂದು ಈ ಎರಡು ಕ್ಷೇತ್ರಗಳಿಂದ ಒಬ್ಬೊಬ್ಬ ಶಾಸಕರು ವಿಧಾನಸಭೆಗೆ ಹೋಗುತ್ತಾರೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿಯೇ ಉತ್ತರ ಹೇಳುವರು. ಚುಕ್ಕೆಯಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಸೇತುವೆ ಮುಚ್ಚಿದ ಆಜ್ಞೆಯ ತಾರೀಖು, ಪರೀಕ್ಷಾ ವರದಿ, ಅಂದಾಜುಪಟ್ಟಿ, ಗುತ್ತಿಗೆಯ ಅವಧಿ—ಇವನ್ನೇ ಹೆಸರಿಸಿ ಕೇಳಿದರೆ ನುಣುಚಿಕೊಳ್ಳುವುದು ಸುಲಭವಲ್ಲ.

ಶಾಸಕರು ಕೇಳದಿದ್ದರೆ? 2005ರ ಮಾಹಿತಿ ಹಕ್ಕು ಅಧಿನಿಯಮದಂತೆ ನಾವೇ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ರಸ್ತೆ ಯಾವ ಇಲಾಖೆಯದೆಂದು ತಿಳಿಯದೆ ಬೇರೆ ಕಚೇರಿಗೆ ಬರೆದರೂ, ಅದು ಅರ್ಜಿಯನ್ನು 5 ದಿನಗಳೊಳಗೆ ಸಂಬಂಧಪಟ್ಟ ಕಚೇರಿಗೆ ಕಳುಹಿಸಬೇಕು. ಕಾಗದಗಳಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ನಮಗಿದೆ.

ಮಳೆಗಾಲಕ್ಕೆ ಮುನ್ನವೇ ಕೇಳುವುದು ಲೇಸು. ಹೊಳೆ ಬಂದ ಮೇಲೆ ಕಾಗದವನ್ನು ಹುಡುಕಿ ಫಲವಿಲ್ಲ.