ನಲ್ಲಿಯ ಕನೆಕ್ಷನ್ ಪೈಪ್ ಸೋರುತ್ತಿದೆಯೇ? ಮೊದಲು ವಾಷರ್ ನೋಡಿ

ತೋಟಕ್ಕೆ ಡ್ರಿಪ್ ಹಾಕಿ ಹನಿ ಹನಿ ಲೆಕ್ಕ ಇಡುವ ನಾವು, ಮನೆಯ ಸಿಂಕ್ ಕೆಳಗೆ ತೊಟ್ಟಿಕ್ಕುವ ನೀರನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ. ಅಲ್ಲಿ ಒಂದು ಲೋಟ ಇಟ್ಟು ನೋಡಿ. ಕಾಲು ಲೀಟರ್ ಲೋಟ 15 ನಿಮಿಷಕ್ಕೆ ತುಂಬಿದರೆ ದಿನಕ್ಕೆ 24 ಲೀಟರ್ ನೀರು ಹೋದಂತೆ. ಪಕ್ಕದಲ್ಲಿ ಹಿಂಡಿ ಮೂಟೆ ಇದ್ದರೆ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಅಂಥ ಹಿಂಡಿಯನ್ನು ದನಕ್ಕೆ ಹಾಕುವಂತಿಲ್ಲ.

ಸೋರಿಕೆ ಎಲ್ಲಿಂದ?

ಪೈಪನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಣ ಕಾಗದವನ್ನು ಮೇಲಿನಿಂದ ಕೆಳಕ್ಕೆ ಮುಟ್ಟಿಸುತ್ತಾ ಬನ್ನಿ. ಮೊದಲು ಒದ್ದೆಯಾಗುವ ಜಾಗವೇ ಸೋರುವ ಜಾಗ. ಪೈಪಿನ ಮೇಲಿನ ತಂತಿ ಹೆಣಿಗೆ ಕಿತ್ತಿದ್ದರೆ, ತುಕ್ಕು ಹಿಡಿದಿದ್ದರೆ ಅಥವಾ ಪೈಪ್ ಉಬ್ಬಿದ್ದರೆ ರಿಪೇರಿ ಬೇಡ, ಅದೇ ಉದ್ದದ ಹೊಸದನ್ನು ಹಾಕಿ. ನಟ್ಟಿನ ಹತ್ತಿರ ಸೋರುತ್ತಿದ್ದರೆ ಹೆಚ್ಚಾಗಿ ತಪ್ಪು ವಾಷರಿನದೇ.

ಟೇಪ್ ಯಾಕೆ ಸಾಲದು?

ಈ ನಟ್ಟಿನಲ್ಲಿ ನೀರನ್ನು ತಡೆಯುವುದು ಥ್ರೆಡ್ ಅಲ್ಲ, ಒಳಗಿನ ರಬ್ಬರ್ ವಾಷರ್. ಅದು ಗಟ್ಟಿಯಾಗಿದ್ದರೆ ಅಥವಾ ಸೀಳಿದ್ದರೆ ಎಷ್ಟು ಟೇಪ್ ಸುತ್ತಿದರೂ ನೀರು ನಿಲ್ಲೋದಿಲ್ಲ. ಟೇಪ್ ಬೇಕಾಗುವುದು ಗೋಡೆಗೆ ಆ್ಯಂಗಲ್ ಕಾಕ್ ಕೂರಿಸುವ ಕಡೆ.

ಸರಿಪಡಿಸುವ ಕ್ರಮ

1. ಆ್ಯಂಗಲ್ ಕಾಕ್ ಮುಚ್ಚಿ. ಅದು ನಿಲ್ಲದಿದ್ದರೆ ಟ್ಯಾಂಕಿನ ಗೇಟ್ ವಾಲ್ವ್ ಬಂದ್ ಮಾಡಿ. ನಲ್ಲಿ ತಿರುಗಿಸಿ ಪೈಪಿನಲ್ಲಿರುವ ನೀರನ್ನು ಬಿಡಿ, ಕೆಳಗೆ ಬಕೆಟ್ ಇಡಿ.
2. ಸ್ಪ್ಯಾನರಿನಿಂದ ನಟ್ಟು ಬಿಚ್ಚಿ. ಬಿಚ್ಚುವಾಗ ಆ್ಯಂಗಲ್ ಕಾಕನ್ನು ಇನ್ನೊಂದು ಕೈಯಿಂದ ಅಲುಗದಂತೆ ಹಿಡಿಯಿರಿ, ಇಲ್ಲದಿದ್ದರೆ ಗೋಡೆಯೊಳಗಿನ ಜಾಯಿಂಟ್ ಸಡಿಲವಾಗುತ್ತೆ.
3. ಹಳೇ ವಾಷರನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಮನೆಗಳಲ್ಲಿ ಸಾಮಾನ್ಯವಾಗಿ ಇರೋದು ಅರ್ಧ ಇಂಚಿನದು.
4. ವಾಷರ್ ಕೂರುವ ಅಂಚನ್ನು ಒರೆಸಿ. ಬೋರ್ ನೀರಿನ ಉಪ್ಪು ಬಿಳಿಯಾಗಿ ಕಟ್ಟಿದ್ದರೆ ನಿಂಬೆರಸ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿ ತೊಳೆಯಿರಿ. ಉಪ್ಪು ಉಳಿದರೆ ಹೊಸ ವಾಷರೂ ಸೋರುತ್ತದೆ.
5. ನಟ್ಟನ್ನು ಕೈಯಲ್ಲೇ ಪೂರ್ತಿ ತಿರುಗಿಸಿ, ನಂತರ ಸ್ಪ್ಯಾನರಿನಿಂದ ಕಾಲು ಸುತ್ತು ಸಾಕು. ಬಲ ಹಾಕಿದರೆ ವಾಷರ್ ಕತ್ತರಿಸುತ್ತದೆ, ನಟ್ಟೂ ಸೀಳಬಹುದು. ಪೈಪ್ ತಿರುಚಿಕೊಳ್ಳದಂತೆ ನೋಡಿಕೊಳ್ಳಿ.

ನೀರನ್ನು ನಿಧಾನಕ್ಕೆ ಬಿಟ್ಟು, ಒಣ ಕಾಗದದಿಂದ ಮತ್ತೆ ಪರೀಕ್ಷಿಸಿ. ತೇವ ಕಂಡರೆ ಇನ್ನೊಂದಿಷ್ಟು ಮಾತ್ರ ಬಿಗಿ ಮಾಡಿ. ಟ್ಯಾಂಕ್ ತುಂಬಿರುವಾಗ ಒತ್ತಡ ಜಾಸ್ತಿ, ಆಗಲೂ ಒಮ್ಮೆ ನೋಡಿ. ವಾಷರ್ ತರುವಾಗ ಎರಡು ಹೆಚ್ಚಿಗೆ ತಂದಿಟ್ಟುಕೊಂಡರೆ ಮುಂದಿನ ಸಲ ಪೇಟೆಗೆ ಓಡುವ ಕೆಲಸ ತಪ್ಪುತ್ತದೆ.