ತಟ್ಟೆಯಲ್ಲಿ ಜಾಗ ಸಿಗದ ಸ್ಟೀವಿಯ ಹಾಡು!

ಬೇರೆಯಾದ ಪ್ರೇಮಿಗಳು ಒಬ್ಬರ ಮೇಲೊಬ್ಬರು ಹಾಡು ಕಟ್ಟಿ, ಆ ಹಾಡಿಗೆ ತಾವೇ ದನಿ ಕೂಡಿಸಿದ್ದನ್ನು ಎಲ್ಲಾದ್ರೂ ಕೇಳಿದ್ದೀರಾ? ಸಿನಿಮಾ ಕಥೆ ಅಂದ್ಕೋಬೇಡಿ. ನಡೆದದ್ದು!

1976. ಕ್ಯಾಲಿಫೋರ್ನಿಯಾದ ಸಾಸಲಿಟೊದಲ್ಲಿರುವ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋ. ಒಳಗೆ 'ಫ್ಲೀಟ್‌ವುಡ್ ಮ್ಯಾಕ್' ರಾಕ್ ತಂಡದ ಐವರು. ಬೇಸ್ ಗಿಟಾರಿನ ಜಾನ್ ಮೆಕ್‌ವೀ, ಕೀಬೋರ್ಡಿನ ಕ್ರಿಸ್ಟೀನ್ ಮೆಕ್‌ವೀ ಗಂಡ ಹೆಂಡತಿ, ಸಂಸಾರ ಮುರಿದಿದೆ. ಗಿಟಾರಿನ ಲಿಂಡ್ಸೆ ಬಕಿಂಗ್‌ಹ್ಯಾಮ್, ಗಾಯಕಿ ಸ್ಟೀವಿ ನಿಕ್ಸ್ ಪ್ರೇಮಿಗಳು, ಅವರದ್ದೂ ಮುರಿದಿದೆ. ಡ್ರಮ್ಮಿನ ಮಿಕ್ ಫ್ಲೀಟ್‌ವುಡ್ ಮನೆಯಲ್ಲೂ ವಿರಸ. ಇಷ್ಟಾದರೂ ತಂಡ ಬಿಟ್ಟು ಯಾರೂ ಓಡಲಿಲ್ಲ.

ಕ್ರಿಸ್ಟೀನ್ ತನ್ನ ಹೊಸ ಗೆಳೆಯ, ತಂಡದ ಲೈಟಿಂಗ್ ನೋಡಿಕೊಳ್ಳುವವನ ಮೇಲೆ ಒಂದು ಹಾಡು ಬರೆದಳು. ಇದು ಯಾರ ಮೇಲೆ ಅಂದ್ರೆ, ನಮ್ಮ ನಾಯಿ ಮೇಲೆ ಅಂತ ಜಾನ್‌ಗೆ ಹೇಳಿದಳಂತೆ! ಪಾಪ, ಅದಕ್ಕೆ ಬೇಸ್ ನುಡಿಸಿದವನೂ ಅವನೇ.

ಆದರೆ ನಾನು ಹೇಳಹೊರಟದ್ದು ಸ್ಟೀವಿಯ ವಿಷಯ. ಲಿಂಡ್ಸೆ ಆಕೆಯ ಮೇಲೆ 'ಗೋ ಯುವರ್ ಓನ್ ವೇ' ಅಂತ ಖಾರವಾದ ಹಾಡು ಕಟ್ಟಿದ. ಅದರ ಒಂದು ಸಾಲು ತೆಗಿ ಅಂದಳು, ಆತ ತೆಗೆಯಲಿಲ್ಲ. ಆದರೂ ಅದಕ್ಕೆ ದನಿ ಕೊಟ್ಟಳು. ಆಕೆಯ ಉತ್ತರ 'ಸಿಲ್ವರ್ ಸ್ಪ್ರಿಂಗ್ಸ್'. ಮೇರಿಲ್ಯಾಂಡಿನ ರಸ್ತೆ ಬೋರ್ಡಿನಲ್ಲಿ ಕಂಡ ಊರಿನ ಹೆಸರು. ಕೈಬಿಟ್ಟವನಿಗೆ ಹೆಣ್ಣು ಹಾಕುವ ಶಾಪದಂಥ ಹಾಡು.

ಒಂದು ದಿನ ಮಿಕ್ ಆಕೆಯನ್ನು ಸ್ಟುಡಿಯೋ ಹೊರಗೆ, ಕಾರು ನಿಲ್ಲಿಸುವ ಜಾಗಕ್ಕೆ ಕರೆದ. ನಿನ್ನ ಹಾಡು ಎಲ್.ಪಿ.ಯಲ್ಲಿ ಇರೋದಿಲ್ಲ ಅಂದ. ಸ್ಟೀವಿ ಚೀರಿಬಿಟ್ಟಳು!

ಕಾರಣ? ಉದ್ದ. ಎಲ್.ಪಿ. ಲೆಕ್ಕ ಸ್ವಲ್ಪ ಕೇಳಿ. 12 ಇಂಚಿನ ತಟ್ಟೆ, ಒಂದೊಂದು ಮಗ್ಗುಲಿಗೆ ಚೆನ್ನಾಗಿ ಹಿಡಿಸೋದು ಇಪ್ಪತ್ತು ಚಿಲ್ಲರೆ ನಿಮಿಷ. ಜಾಸ್ತಿ ತುರುಕಿದರೆ ಗೆರೆಗಳು ಒತ್ತೊತ್ತಾಗಬೇಕು. ಒಂದಕ್ಕೊಂದು ತಾಗದಿರಲು ಶಬ್ದ ಇಳಿಸಿ ಕೊರೀಬೇಕು. ಬೇಸ್ ಸೊರಗುತ್ತೆ. ಹೀಗಾಗಿ ಸ್ಟೀವಿಯದೇ ಇನ್ನೊಂದು ಹಳೇ ಚುಟುಕು ಹಾಡು 'ಐ ಡೋಂಟ್ ವಾಂಟ್ ಟು ನೋ' ಒಳಗೆ ಬಂತು. ಅದನ್ನೂ ಆಕೆಗೆ ಹೇಳದೇ ಶುರು ಮಾಡಿದ್ರು!

'ಡ್ರೀಮ್ಸ್' ಆಕೆಯದೇ ಅಲ್ವೆ ಅಂತೀರಿ. ಹೌದು, ಅಮೆರಿಕದಲ್ಲಿ ಈ ತಂಡವನ್ನು ನಂಬರ್ 1 ಮಾಡಿದ ಏಕೈಕ ಸಿಂಗಲ್ ಅದು. ಆದರೆ ಅದರಲ್ಲಿರೋದು ಸಮಾಧಾನ. ಸಿಟ್ಟಿನ ಹಾಡು ಹೊರಗೇ ಉಳೀತು. ಹೋದದ್ದೆಲ್ಲಿಗೆ ಗೊತ್ತೇ? 'ಗೋ ಯುವರ್ ಓನ್ ವೇ' ಸಿಂಗಲ್‌ನ ಹಿಂಬದಿಗೆ. ಮುಂದೆ ಅವನ ಬೈಗುಳ, ಬೆನ್ನಿಗೆ ಇವಳ ಶಾಪ!

1977ರ ಫೆಬ್ರವರಿಯಲ್ಲಿ ಎಲ್.ಪಿ. ಬಂತು. ಹೆಸರು 'ರೂಮರ್ಸ್', ಅಂದ್ರೆ ಗಾಳಿಸುದ್ದಿ. ಅಮೆರಿಕದಲ್ಲಿ 31 ವಾರ ಮೊದಲ ಸ್ಥಾನ, 1978ರಲ್ಲಿ ಗ್ರ್ಯಾಮಿ. ಲೋಕದಲ್ಲೆಲ್ಲ 4 ಕೋಟಿ ಪ್ರತಿ ಖರ್ಚಾದ ಲೆಕ್ಕವಿದೆ.

ಸ್ಟೀವಿ ಆ ಹಾಡಿನ ಹಕ್ಕನ್ನು ತಾಯಿಗೆ ಬರೆದುಕೊಟ್ಟಿದ್ದಳು. ಮುಂದೆ ತನ್ನ ಸ್ವಂತ ಸಂಕಲನಕ್ಕೆ ಹಾಡು ಕೇಳಿದಾಗ ಮಿಕ್ ಕೊಡಲಿಲ್ಲ. ಆಕೆ ತಂಡವನ್ನೇ ಬಿಟ್ಟಳು.

1997ರಲ್ಲಿ ಐವರೂ ಮತ್ತೆ ಸೇರಿದರು. ಬರ್ಬ್ಯಾಂಕಿನ ವಾರ್ನರ್ ಸ್ಟುಡಿಯೋ, ಕ್ಯಾಮೆರಾ ಓಡ್ತಿದೆ. 'ಸಿಲ್ವರ್ ಸ್ಪ್ರಿಂಗ್ಸ್' ಕೊನೆಗೆ ಬಂದಾಗ ಸ್ಟೀವಿ ತಿರುಗಿ ಲಿಂಡ್ಸೆಯ ಮುಖಕ್ಕೇ ಹಾಡಿದಳು. ಆತನೂ ಕಣ್ಣು ತಪ್ಪಿಸದೆ ಗಿಟಾರ್ ನುಡಿಸುತ್ತಾ ದನಿ ಕೂಡಿಸಿದ. ನೋಡಿದವರ ಎದೆ ಝಲ್ ಅನ್ನಬೇಕು!

2004ರ 'ರೂಮರ್ಸ್' ಸಿ.ಡಿ.ಯಲ್ಲಿ ಆ ಹಾಡೂ ಸೇರಿತು. ಸಿ.ಡಿ.ಯಲ್ಲಿ 70 ನಿಮಿಷಕ್ಕೂ ಹೆಚ್ಚು ಹಿಡಿಸುತ್ತೆ ನೋಡಿ.