ಎಮರಾಲ್ಡ್ ಬೆಟ್ಟ ಹತ್ತಿದ ಸಿಲಿಂಡರ್

ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವಂಥ ಒಂದು ಸ್ಕೂಬಾ ಸಿಲಿಂಡರನ್ನು ಜೀಪಿನಲ್ಲಿಟ್ಟು ನೀಲಗಿರಿಯ ಎಮರಾಲ್ಡ್‌ಗೆ ತಂದೆವು ಎಂದುಕೊಳ್ಳಿ. ಕುಂದಾ ವಿದ್ಯುತ್ ಯೋಜನೆಯ ಜಲಾಶಯ, ಸುತ್ತ ಚಹಾ ತೋಟ, ಬಡಗರ ಹಟ್ಟಿಗಳು. ಎತ್ತರ ಸುಮಾರು 2,000 ಮೀಟರ್. ಕರಾವಳಿಯ 35 ಡಿಗ್ರಿ ಸೆಕೆಯಲ್ಲಿ ಒತ್ತಡದ ಮೀಟರಿನ ಮುಳ್ಳು 200 ಬಾರ್ ತೋರಿಸುತ್ತಿತ್ತು. ಇಲ್ಲಿ ಮಂಜು ಕವಿದ ಬೆಳಗ್ಗೆ, 8 ಡಿಗ್ರಿಯಲ್ಲಿ, 182ರ ಆಸುಪಾಸಿನಲ್ಲಿದೆ. ಗಾಳಿ ಸೋರಿಲ್ಲ, ತಣಿದಿದೆ ಅಷ್ಟೆ. ಕಾದರೆ ಮುಳ್ಳು ಮತ್ತೆ ಏರುತ್ತದೆ. ಗಾಜು ಏರಿಸಿದ ಕಾರಿನಲ್ಲಿ, ಬಿಸಿಲಿಗೆ, ತುಂಬಿದ ಸಿಲಿಂಡರ್ ಬಿಟ್ಟುಹೋಗಬಾರದು ಎನ್ನುವುದು ಅದಕ್ಕೇ.

200 ಬಾರ್ ಎಂದರೆ ಎಷ್ಟು? ಕಾರಿನ ಚಕ್ರದಲ್ಲಿರುವುದು ಎರಡು ಚಿಲ್ಲರೆ ಬಾರ್. ಅಡುಗೆಮನೆಯ ಗ್ಯಾಸ್ ಸಿಲಿಂಡರಿನೊಳಗೆ ಹತ್ತಕ್ಕಿಂತ ಕಡಿಮೆ, ಏಕೆಂದರೆ ಅಲ್ಲಿ ಅನಿಲ ದ್ರವವಾಗಿ ಕೂತಿದೆ. ಸ್ಕೂಬಾ ಸಿಲಿಂಡರಿನಲ್ಲಿ ದ್ರವವಿಲ್ಲ. ನಾವು ಉಸಿರಾಡುವ ಗಾಳಿಯನ್ನೇ ಅದುಮಿ ತುಂಬಿದ್ದು. ಹೆಚ್ಚಾಗಿ ಬಳಕೆಯಲ್ಲಿರುವ ಅಲ್ಯೂಮಿನಿಯಂ ಸಿಲಿಂಡರಿನ ಒಳಜಾಗ 11 ಲೀಟರ್, ಹಿಡಿಸುವ ಗಾಳಿ ಸುಮಾರು 2,200 ಲೀಟರ್. ಆ ಗಾಳಿಯೇ ಎರಡೂವರೆ ಕಿಲೋಗೂ ಹೆಚ್ಚು ತೂಗುತ್ತದೆ. ತುಂಬಿದಾಗ ನೀರಲ್ಲಿ ಮುಳುಗುವ ಈ ಸಿಲಿಂಡರ್ ಬರಿದಾಗುತ್ತಾ ಬಂದಂತೆ ತೇಲತೊಡಗುವುದು ಈ ತೂಕ ಕಳೆದುಹೋಗುವುದರಿಂದ.

ಗ್ಯಾಸ್ ಸಿಲಿಂಡರನ್ನು ಅಂಚಿನ ಮೇಲೆ ಉರುಳಿಸಿಕೊಂಡು ಹೋಗಿ ಅಭ್ಯಾಸವಾದ ನಮಗೆ ಇದನ್ನೂ ಹಾಗೆಯೇ ನಡೆಸಿಕೊಳ್ಳಬಹುದು ಅನ್ನಿಸೀತು. ಬೇಡ. ಗ್ಯಾಸ್ ಸಿಲಿಂಡರಿನ ವಾಲ್ವ್ ಸುತ್ತ ಕಬ್ಬಿಣದ ಬಳೆಯ ಕಾವಲಿದೆ. ಇಲ್ಲಿ ವಾಲ್ವ್ ಬರಿಮೈಯಲ್ಲಿ ಹೊರಚಾಚಿದೆ. ನಿಲ್ಲಿಸಿಟ್ಟದ್ದು ಬಿದ್ದು ಅದು ಮುರಿದರೆ 14 ಕಿಲೋ ಲೋಹ ರಾಕೆಟ್ಟಿನಂತೆ ಚಿಮ್ಮುತ್ತದೆ. ಹಾಗಾಗಿ ದೋಣಿಯಲ್ಲಿ ಕಟ್ಟಿ ನಿಲ್ಲಿಸುತ್ತಾರೆ, ಗಾಡಿಯಲ್ಲಿ ಮಲಗಿಸಿ ಅಲುಗದಂತೆ ಬಿಗಿಯುತ್ತಾರೆ. ಎಮರಾಲ್ಡ್‌ನಂಥ ತಿರುವು ರಸ್ತೆಯಲ್ಲಿ ಆ ಹಗ್ಗಕ್ಕೆ ತುಂಬ ಕೆಲಸವಿದೆ.

ಗ್ಯಾಸ್ ಸಿಲಿಂಡರಿನ ಮೇಲೆ ಎ, ಬಿ, ಸಿ, ಡಿ ಅಕ್ಷರದ ಜೊತೆ ಇಸವಿ ಬರೆದಿರುವುದನ್ನು ನೋಡಿರುತ್ತೀರಿ. ಮುಂದಿನ ಪರೀಕ್ಷೆ ಯಾವ ಮೂರು ತಿಂಗಳಲ್ಲಿ ಎಂಬ ಸೂಚನೆ ಅದು. ಸ್ಕೂಬಾ ಸಿಲಿಂಡರಿನ ಹೆಗಲ ಮೇಲೂ ಪರೀಕ್ಷೆಯ ದಿನಾಂಕ ಕೆತ್ತಿರುತ್ತದೆ. ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಅದರಲ್ಲಿ ನೀರು ತುಂಬಿ, ಕೆಲಸದ ಒತ್ತಡದ ಒಂದೂವರೆ ಪಟ್ಟಿಗೂ ಮೀರಿ ಒತ್ತಿ, ಲೋಹ ಎಷ್ಟು ಹಿಗ್ಗಿತು, ಒತ್ತಡ ತೆಗೆದ ಮೇಲೆ ಎಷ್ಟು ಮರಳಿತು ಎಂದು ಅಳೆಯುತ್ತಾರೆ. ಗಾಳಿಯ ಬದಲು ನೀರೇಕೆ ಎಂಬುದು ನನಗೆ ಬಹಳ ಇಷ್ಟದ ಸಂಗತಿ: ನೀರು ಅದುಮಿಸಿಕೊಳ್ಳುವುದು ತೀರ ಕಡಿಮೆ, ಹಾಗಾಗಿ ತನ್ನೊಳಗೆ ಶಕ್ತಿಯನ್ನು ಕೂಡಿಡುವುದೂ ಕಡಿಮೆ. ಸಿಲಿಂಡರ್ ಬಿರಿದರೂ ನೀರು ಸುರಿದುಹೋಗುತ್ತದೆ. ಅಷ್ಟೇ ಒತ್ತಡದ ಗಾಳಿಯಾಗಿದ್ದರೆ ಕೋಣೆಯೇ ಹಾರಿಹೋಗುತ್ತಿತ್ತು.

ವರ್ಷಕ್ಕೊಮ್ಮೆ ವಾಲ್ವ್ ಬಿಚ್ಚಿ ದೀಪ ಇಳಿಬಿಟ್ಟು ಒಳಗೋಡೆ ನೋಡುವುದೂ ಇದೆ. ಅಲ್ಲಿ ಹುಡುಕುವುದು ಬಿರುಕು ಮತ್ತು ತೇವದ ಗುರುತು. ಉಕ್ಕಿನ ಸಿಲಿಂಡರ್ ಒಳಗೇ ತುಕ್ಕು ಹಿಡಿದರೆ ಆ ತುಕ್ಕು ಗಾಳಿಯ ಆಮ್ಲಜನಕವನ್ನೇ ತಿನ್ನುತ್ತದೆ. ಮೀಟರಿನಲ್ಲಿ ಒತ್ತಡವಿದ್ದರೂ ಉಸಿರಿನಲ್ಲಿ ಜೀವವಿರುವುದಿಲ್ಲ. ಸಿಲಿಂಡರನ್ನು ಪೂರ್ತಿ ಖಾಲಿ ಮಾಡದೆ ಕೊಂಚ ಗಾಳಿ ಉಳಿಸುವುದು ನೀರು ಒಳನುಗ್ಗದಿರಲೆಂದು.

ಎಮರಾಲ್ಡ್‌ನಲ್ಲಿ ಹೊರಗಿನ ವಾಯುಭಾರ ಕಡಲತಡಿಯದಕ್ಕಿಂತ ಸುಮಾರು ಐದನೇ ಒಂದರಷ್ಟು ಕಡಿಮೆ. 200 ಬಾರ್ ತಡೆಯಲು ಕಟ್ಟಿದ ಲೋಹಕ್ಕೆ ಅದು ಲೆಕ್ಕಕ್ಕೇ ಇಲ್ಲ. ಸಿಲಿಂಡರ್ ಹೊತ್ತು ಮುಳುಗಿದವನಿಗೆ ಲೆಕ್ಕಕ್ಕಿದೆ. ಆಳದಲ್ಲಿ ಅವನ ರಕ್ತ, ಮಾಂಸಗಳಲ್ಲಿ ಕರಗಿದ ಸಾರಜನಕ, ಬೆಟ್ಟ ಹತ್ತುತ್ತಿದ್ದಂತೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಗಟ್ಟಬಹುದು. ವಿಮಾನ ಹತ್ತುವ ಮುನ್ನ ಒಂದು ಮುಳುಗಿಗೆ ಕನಿಷ್ಠ 12 ಗಂಟೆ, ಹಲವು ಮುಳುಗಿಗೆ 18 ಗಂಟೆ ಕಾಯಬೇಕೆಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುತ್ತದೆ. ವಿಮಾನದ ಕ್ಯಾಬಿನ್ನಿನ ವಾಯುಭಾರವೂ ಹೆಚ್ಚುಕಡಿಮೆ ಎಮರಾಲ್ಡ್‌ನಷ್ಟೇ. ಜೀಪು ಸಿಲಿಂಡರನ್ನು ಹೊತ್ತು ಅಂದೇ ಹೊರಡಲಿ. ಮುಳುಗಿದವನು ಆ ರಾತ್ರಿ ಮುರುಡೇಶ್ವರದಲ್ಲೇ ಮಲಗಲಿ.